ಹಕ್ಕಿಯ ಗರಿಯಲ್ಲಿ ನುಸಿ ಕಂಡಾಗ: ನೋಡುವ, ಎಣಿಸುವ ಮತ್ತು ಬಿಟ್ಟುಬಿಡುವ ಕ್ರಮ

ಸಂಕ್ರಾಂತಿಯ ಆಸುಪಾಸಿನ ಹದಿನೈದು ದಿನಗಳಲ್ಲಿ ಪುಣೆಯಲ್ಲಿ ಹಕ್ಕಿಗಳ ರೆಕ್ಕೆಯನ್ನು ಹತ್ತಿರದಿಂದ ನೋಡುವ ಸಂದರ್ಭ, ಬೇಡವೆಂದರೂ ಒದಗಿಬರುತ್ತದೆ. ಗಾಳಿಪಟ ಹಾರಿಸಲು ಬಳಸುವ ನೈಲಾನ್ ದಾರವಾದ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2017ರಲ್ಲೇ ದೇಶದಾದ್ಯಂತ ನಿಷೇಧಿಸಿದ್ದರೂ ಆ ದಾರ ಪೇಟೆಯಿಂದ ಮರೆಯಾಗಿಲ್ಲ. ಅದಕ್ಕೆ ಸಿಕ್ಕಿಬಿದ್ದ ಪಾರಿವಾಳ, ಕಾಗೆ, ಹದ್ದು, ಹಾಲಕ್ಕಿಗಳನ್ನು ಜನರು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಆರೈಕೆ ಕೇಂದ್ರಕ್ಕೆ ತರುತ್ತಾರೆ. ದಾರ ಬಿಡಿಸಲು ರೆಕ್ಕೆಯನ್ನು ಹರಡಿದಾಗ, ಗರಿಗಳ ಒಳಮೈಯಲ್ಲಿ ನಡುದಂಡಿನ ಪಕ್ಕಕ್ಕೆ ಸಾಲುಗಟ್ಟಿ ಕುಳಿತ ಮಸುಕು ಕಂದು ಪುಡಿಯಂಥದ್ದು ಕಣ್ಣಿಗೆ ಬೀಳುತ್ತದೆ, ಮತ್ತು ತಂದವರಲ್ಲಿ ಒಬ್ಬರಾದರೂ "ಇದಕ್ಕೆ ನುಸಿ ಹಿಡಿದಿದೆ, ಏನಾದರೂ ಹಚ್ಚಿ" ಎನ್ನುತ್ತಾರೆ. ಕೋಥ್ರೂಡ್, ಗಣೇಶನಗರ, ಪಿಂಪ್ರಿಯ ಕನ್ನಡ ಮನೆಗಳಿಂದ ನನಗೆ ಬರುವ ಫೋನುಗಳಲ್ಲೂ ಇದೇ ಪ್ರಶ್ನೆ. ಬಹುಪಾಲು ಸಂದರ್ಭಗಳಲ್ಲಿ ಏನನ್ನೂ ಹಚ್ಚಬಾರದು ಎಂಬುದೇ ಸರಿಯಾದ ಉತ್ತರ; ಆದರೆ ಆ ಮಾತನ್ನು ಧೈರ್ಯದಿಂದ ಹೇಳಬೇಕಾದರೆ ಕಂಡದ್ದು ಗರಿನುಸಿಯೋ, ಹೇನೋ, ರಕ್ತ ಹೀರುವ ನುಸಿಯೋ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಅದನ್ನು ಮಾಡುವ ಬಗೆಯನ್ನು ಇಲ್ಲಿ ಹಂತಹಂತವಾಗಿ ವಿವರಿಸಿದ್ದೇನೆ.

ಅರ್ಧ ತೊಂದರೆ ಹೆಸರಿನಿಂದಲೇ ಹುಟ್ಟುತ್ತದೆ. ವಿಜಯಪುರ, ಕಲಬುರಗಿಯ ಕಡೆಯಿಂದ ಬಂದವರಿಗೆ ನುಸಿ ಎಂದರೆ ಚೀಲದಲ್ಲಿಟ್ಟ ಜೋಳವನ್ನು ಹಿಟ್ಟುಮಾಡುವ ಹುಳು. ತುಮಕೂರು, ಹಾಸನದವರಿಗೆ ಕಾಯಿಯ ತೊಟ್ಟಿನಡಿ ಸೇರಿಕೊಂಡು ತೆಂಗನ್ನು ಸೊರಗಿಸಿದ ನುಸಿಪೀಡೆ. ಎರಡರಲ್ಲೂ ನಷ್ಟದ ನೆನಪಿದೆ. ಹೀಗಾಗಿ ಗರಿಯಲ್ಲಿ ನುಸಿ ಎಂದೊಡನೆ ಗರಿ ತಿಂದುಹೋಗುತ್ತಿದೆ ಎಂದು ಮನಸ್ಸು ತಾನಾಗಿಯೇ ತೀರ್ಮಾನಿಸಿಬಿಡುತ್ತದೆ. ಗರಿನುಸಿಯು ಜೇಡ ಮತ್ತು ಉಣುಗುಗಳ ಬಳಗಕ್ಕೆ ಸೇರಿದ ಎಂಟು ಕಾಲಿನ ಜೀವಿ. ಉದ್ದ ಸಾಮಾನ್ಯವಾಗಿ ಅರ್ಧ ಮಿಲಿಮೀಟರಿನ ಆಚೀಚೆ. ಇದುವರೆಗೆ ಹೆಸರಿಟ್ಟಿರುವ ಜಾತಿಗಳೇ 2500ನ್ನು ಮೀರುತ್ತವೆ, ಮತ್ತು ಪೆಂಗ್ವಿನ್‌ಗಳನ್ನು ಬಿಟ್ಟರೆ ಹಕ್ಕಿಗಳ ಬಹುತೇಕ ಎಲ್ಲ ಗಣಗಳಲ್ಲೂ ಅವು ಇವೆ. ಅವು ಗರಿಯನ್ನು ಕಡಿಯುವುದಿಲ್ಲ, ರಕ್ತವನ್ನೂ ಹೀರುವುದಿಲ್ಲ. ಹಕ್ಕಿಯು ಬಾಲದ ಬುಡದಲ್ಲಿರುವ ಗ್ರಂಥಿಯಿಂದ ಕೊಕ್ಕಿನಲ್ಲಿ ತೆಗೆದು ಗರಿಗೆ ಸವರಿಕೊಳ್ಳುವ ಎಣ್ಣೆ, ಮತ್ತು ಆ ಎಣ್ಣೆಗೆ ಅಂಟಿದ ಶಿಲೀಂಧ್ರ, ಬ್ಯಾಕ್ಟೀರಿಯಾಗಳು ಅವುಗಳ ಆಹಾರ. ನುಸಿಗಳ ಹೊಟ್ಟೆಯಲ್ಲಿದ್ದುದನ್ನು ಡಿಎನ್‌ಎ ಮೂಲಕ ಪರೀಕ್ಷಿಸಿ 2019ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿಯೂ ಮುಖ್ಯವಾಗಿ ಸಿಕ್ಕಿದ್ದು ಶಿಲೀಂಧ್ರ ಮತ್ತು ಬ್ಯಾಕ್ಟೀರಿಯಾಗಳೇ ಹೊರತು ಹಕ್ಕಿಯ ಮೈಯ ಅಂಶವಲ್ಲ. ಎಣ್ಣೆಗ್ರಂಥಿ ದೊಡ್ಡದಿರುವ ಹಕ್ಕಿಗಳಲ್ಲಿ ನುಸಿಗಳೂ ಹೆಚ್ಚಿರುವುದನ್ನು ಗಮನಿಸಿದರೆ, ಗರಿಯನ್ನು ಗುಡಿಸುವ ಬಾಡಿಗೆದಾರರು ಎಂದು ಅವನ್ನು ಕರೆಯುವುದು ಅತಿಶಯೋಕ್ತಿಯಾಗಲಾರದು.

ಇದನ್ನು ನಾನು ಕಲಿತದ್ದು ತಪ್ಪು ಮಾಡಿಯೇ. ಸ್ವಯಂಸೇವಕನಾಗಿ ಸೇರಿದ ಮೊದಲ ವರ್ಷ, ಗಾಜಿಗೆ ಡಿಕ್ಕಿ ಹೊಡೆದು ಬಿದ್ದಿದ್ದ ಒಂದು ಕುಟ್ರಹಕ್ಕಿಯ ರೆಕ್ಕೆಯ ತುಂಬ ನುಸಿಗಳನ್ನು ಕಂಡು, ಊರಿನ ಅಭ್ಯಾಸದಂತೆ ಬೇವಿನೆಣ್ಣೆಯನ್ನು ಹತ್ತಿಯಲ್ಲಿ ಅದ್ದಿ ಸವರಿದೆ. ಗರಿಯ ಎಳೆಗಳು ಒಂದಕ್ಕೊಂದು ಹೆಣೆದುಕೊಳ್ಳುವುದು ಸೂಕ್ಷ್ಮವಾದ ಕೊಕ್ಕೆಗಳಿಂದ. ಹೊರಗಿನ ಎಣ್ಣೆ ಸೇರಿದರೆ ಎಳೆಗಳು ಒಟ್ಟುಗೂಡಿ ಜಡೆಗಟ್ಟಿ, ಹಕ್ಕಿ ಬೆಚ್ಚಗಿರುವ ಶಕ್ತಿಯನ್ನೂ ಹಾರುವ ಶಕ್ತಿಯನ್ನೂ ಕಳೆದುಕೊಳ್ಳುತ್ತದೆ, ಮೇಲಾಗಿ ಗರಿ ತಿದ್ದುವಾಗ ಆ ಎಣ್ಣೆಯನ್ನು ನುಂಗುತ್ತದೆ. ಎರಡು ದಿನದಲ್ಲಿ ಹಾರಿಹೋಗಬೇಕಿದ್ದ ಹಕ್ಕಿ ಮೂರು ವಾರ ಪೆಟ್ಟಿಗೆಯಲ್ಲಿ ಉಳಿಯಿತು.

ಯಾರು ಯಾರೆಂದು ತಿಳಿಯುವುದು

ಮೊದಲ ಪರೀಕ್ಷೆ ಜಾಗದ್ದು. ಗರಿನುಸಿಗಳು ರೆಕ್ಕೆ ಮತ್ತು ಬಾಲದ ದೊಡ್ಡ ಗರಿಗಳ ಒಳಮೈಯಲ್ಲಿ, ಎರಡು ಎಳೆಗಳ ನಡುವಿನ ಓಣಿಯಲ್ಲಿ, ಹೆಚ್ಚಾಗಿ ನಡುದಂಡಿನ ಬಳಿ, ಸಾಲಾಗಿ ನೆಲೆಸಿರುತ್ತವೆ. ಹಾರುವಾಗ ಗಾಳಿಯ ಹೊಡೆತ ಹೆಚ್ಚು ಬೀಳುವ ಅತ್ಯಂತ ಹೊರಗಿನ ಗರಿಗಳನ್ನು ಅವು ಸಾಮಾನ್ಯವಾಗಿ ದೂರವಿಡುತ್ತವೆ. ಎರಡನೆಯದು ಚಲನೆ. ಗರಿಯನ್ನು ಊದಿದರೂ ಅಲುಗಾಡಿಸಿದರೂ ಅವು ಕದಲುವುದಿಲ್ಲ, ಏಕೆಂದರೆ ಕಾಲಿನ ತುದಿಯಲ್ಲಿರುವ ಪುಟ್ಟ ಬಿಲ್ಲೆಗಳು ಎಳೆಯನ್ನು ಬಿಗಿಯಾಗಿ ಹಿಡಿದಿರುತ್ತವೆ. ಬೆಳಕು ಅಥವಾ ಬಿಸಿ ತಗುಲಿದರೆ ಮಾತ್ರ ನಿಧಾನವಾಗಿ ಸರಿಯುತ್ತವೆ.

ಹೇನು ಬೇರೆ ಕಥೆ. ಅದಕ್ಕೆ ಆರು ಕಾಲು, ಉದ್ದ ಒಂದು ಮಿಲಿಮೀಟರಿಗಿಂತ ಹೆಚ್ಚು, ಬರಿಗಣ್ಣಿಗೆ ಸ್ಪಷ್ಟ, ಮತ್ತು ಬೆಳಕು ಕಂಡೊಡನೆ ಓಡುತ್ತದೆ. ಪಾರಿವಾಳದ ರೆಕ್ಕೆಯ ಹೇನಾದ ಕೊಲಂಬಿಕೋಲ ಕೊಲಂಬೆ ಎರಡು ಮಿಲಿಮೀಟರಿಗೂ ಉದ್ದವಾದ, ದಾರದಂತೆ ತೆಳುವಾದ ಪ್ರಾಣಿಯಾಗಿದ್ದು, ಗರಿಯ ಎಳೆಗಳ ನಡುವೆ ಅಡಗಿ ಕುಳಿತಾಗ ಹೊಸಬರನ್ನು ಗರಿನುಸಿಯೆಂದೇ ಮೋಸಗೊಳಿಸುತ್ತದೆ. ಲೆನ್ಸಿನಡಿ ಹಿಡಿದು ಕಾಲುಗಳನ್ನು ಎಣಿಸಿದರೆ ಸಂಶಯ ಉಳಿಯದು. ಹೇನುಗಳು ಗರಿಯನ್ನು ಕಡಿಯುತ್ತವೆ, ಮತ್ತು ಕೊಕ್ಕು ಮುರಿದು ಗರಿ ತಿದ್ದಿಕೊಳ್ಳಲಾರದ ಹಕ್ಕಿಯಲ್ಲಿ ಅವು ವಿಪರೀತವಾಗಿ ಹೆಚ್ಚುತ್ತವೆ. ಅಲ್ಲಿ ಚಿಕಿತ್ಸೆ ಬೇಕಾದದ್ದು ಕೊಕ್ಕಿಗೆ.

ಪಾರಿವಾಳವನ್ನು ಹಿಡಿದಾಗ ಚಪ್ಪಟೆಯಾದ ನೊಣವೊಂದು ಏಡಿಯಂತೆ ಅಡ್ಡಡ್ಡ ಓಡಿ ನಿಮ್ಮ ತೋಳನ್ನು ಹತ್ತಿದರೆ ಅದು ರಕ್ತ ಹೀರುವ ಪಾರಿವಾಳದ ನೊಣ. ಗಾಬರಿ ಬೇಡ, ಕೊಡವಿಬಿಡಿ.

ಕಣ್ಣಿನ ಸುತ್ತ ಅಥವಾ ಕೆನ್ನೆಯ ಮೇಲೆ ಬೂದು ಕಾಳಿನಂತೆ ಊದಿ ಅಂಟಿಕೊಂಡಿರುವುದು ಉಣುಗು. ಅದನ್ನು ಬೆರಳಿನಿಂದ ಕೀಳದೆ ಪಶುವೈದ್ಯರಿಗೆ ಬಿಡಬೇಕು. ಉಣುಗಿನ ಮಾತು ಬಂದಾಗ ಪುಣೆಯ ಕನ್ನಡಿಗನೊಬ್ಬ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರ. ಸೊರಬದ ಬಳಿಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗನ ಕಾಯಿಲೆಯ ವೈರಾಣುವನ್ನು ಪತ್ತೆಹಚ್ಚಿದ್ದು ಇದೇ ಪುಣೆಯ ವೈರಸ್ ಸಂಶೋಧನಾ ಕೇಂದ್ರ, ಅಂದರೆ ಇಂದಿನ ರಾಷ್ಟ್ರೀಯ ವೈರಾಣು ವಿಜ್ಞಾನ ಸಂಸ್ಥೆ. ಆ ವೈರಾಣು ರಷ್ಯಾದ ಒಂದು ಮೆದುಳುಜ್ವರದ ವೈರಾಣುವಿಗೆ ಹತ್ತಿರದ ನೆಂಟನಾಗಿದ್ದುದರಿಂದ, ಉತ್ತರದಿಂದ ವಲಸೆ ಬರುವ ಹಕ್ಕಿಗಳ ಮೈಮೇಲಿನ ಉಣುಗುಗಳು ಅದನ್ನು ತಂದಿರಬಹುದೇ ಎಂಬ ಅನುಮಾನ ಹುಟ್ಟಿತು. ಸಲೀಂ ಅಲಿಯವರ ನೇತೃತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನೊಂದಿಗೆ 1959ರಲ್ಲಿ ಆರಂಭಿಸಿದ ಹಕ್ಕಿ ವಲಸೆ ಅಧ್ಯಯನದ ಹಿಂದೆ ಈ ಅನುಮಾನವೂ ಇತ್ತು. ನಮ್ಮ ದೇಶದಲ್ಲಿ ಹಕ್ಕಿಯ ಕಾಲಿಗೆ ಉಂಗುರ ತೊಡಿಸುವ ಕೆಲಸ ದೊಡ್ಡ ಪ್ರಮಾಣದಲ್ಲಿ ಬೆಳೆದದ್ದಕ್ಕೆ ಮಲೆನಾಡಿನ ಒಂದು ಕಾಡಿನ ಉಣುಗು ಸಹ ಕಾರಣ ಎಂಬುದು ನನಗೆ ಈಗಲೂ ವಿಸ್ಮಯದ ವಿಷಯ.

ಕೊನೆಯದಾಗಿ ರಕ್ತ ಹೀರುವ ನುಸಿಗಳು. ಆರ್ನಿಥೋನಿಸಸ್ ಬರ್ಸಾ ಮತ್ತು ಡರ್ಮನಿಸಸ್ ಗ್ಯಾಲಿನೆ ಎಂಬ ಎರಡು ಹೆಸರುಗಳನ್ನು ನೆನಪಿಟ್ಟರೆ ಸಾಕು. ಇವು ಗರಿಯ ಮೇಲೆ ಸಾಲುಗಟ್ಟಿ ಕುಳಿತುಕೊಳ್ಳುವುದಿಲ್ಲ. ಚರ್ಮದ ಮೇಲೆ, ಗೂಡಿನ ಕಡ್ಡಿಗಳ ನಡುವೆ ಅಥವಾ ಗೋಡೆಯ ಬಿರುಕಿನಲ್ಲಿ ಇರುತ್ತವೆ, ವೇಗವಾಗಿ ಓಡುತ್ತವೆ, ರಕ್ತ ಕುಡಿದ ಮೇಲೆ ಕೆಂಪಾಗಿಯೋ ಕಪ್ಪಾಗಿಯೋ ಕಾಣುತ್ತವೆ. ಬಿಳಿ ಕಾಗದದ ಮೇಲೆ ಒರೆಸಿದಾಗ ಕೆಂಪು ಗೆರೆ ಮೂಡಿದರೆ ಅದು ಇವುಗಳದ್ದೇ. ಮನುಷ್ಯರನ್ನು ಕಚ್ಚುವುದೂ ಇವೇ.

ಸಲಕರಣೆ

ಹತ್ತು ಪಟ್ಟು ಹಿಗ್ಗಿಸುವ ಕೈಮಸೂರ, ಬಿಳಿ ಬಟ್ಟೆ, ಟಾರ್ಚು, ಕೈಗವಸು, ಮುಖಗವಸು, ಪೆನ್ಸಿಲ್ ಮತ್ತು ನೋಟುಪುಸ್ತಕ ಇದ್ದರೆ ಕೆಲಸ ಆರಂಭಿಸಬಹುದು. ಮುಖಗವಸು ಅಲಂಕಾರಕ್ಕಲ್ಲ: ಗರಿನುಸಿ ಕಚ್ಚದಿದ್ದರೂ, ಪಾರಿವಾಳ ಸಾಕುವವರಲ್ಲಿ ಅದರ ಧೂಳಿಗೆ ಅಲರ್ಜಿ ಬರುವುದು ದಾಖಲಾಗಿದೆ, ಮತ್ತು ಪಾರಿವಾಳದ ಹಿಕ್ಕೆ, ಗರಿಧೂಳಿನಿಂದ ಶ್ವಾಸಕೋಶಕ್ಕೆ ಆಗುವ ಹಾನಿಯಂತೂ ಎಲ್ಲರಿಗೂ ತಿಳಿದದ್ದೇ. ಮುಂದೆ ಆಸಕ್ತಿ ಬೆಳೆದರೆ ಮನು ಪ್ರಕಾಶ್ ರೂಪಿಸಿದ ಕಾಗದದ ಸೂಕ್ಷ್ಮದರ್ಶಕವಾದ ಫೋಲ್ಡ್‌ಸ್ಕೋಪ್ ಕೊಳ್ಳಬಹುದು. ಅದು ಸುಮಾರು 140 ಪಟ್ಟು ಹಿಗ್ಗಿಸುತ್ತದೆ, ನುಸಿಯ ಕಾಲುಗಳನ್ನು ಎಣಿಸಲು ಅಷ್ಟು ಸಾಕು.

ಮೊದಲ ಅಭ್ಯಾಸ ನಾಟಿಕೋಳಿಯ ಗರಿಯಲ್ಲಿ

ಕಾಡುಹಕ್ಕಿಯ ಗರಿಯಿಂದ ಆರಂಭಿಸಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಟ್ರೋಫಿ, ಅಂದರೆ ಕಾಡುಪ್ರಾಣಿಯಿಂದ ಪಡೆದು ಇಟ್ಟುಕೊಂಡ ವಸ್ತು, ಎಂಬುದಕ್ಕೆ ಕೊಟ್ಟಿರುವ ವ್ಯಾಖ್ಯೆಯಲ್ಲಿ ಗರಿ, ಮೊಟ್ಟೆ, ಗೂಡುಗಳೂ ಸೇರಿವೆ. ಪಾಷಾಣ ಕೆರೆಯ ದಂಡೆಯಲ್ಲೋ ವೇತಾಳ ಟೇಕಡಿಯಲ್ಲೋ ಬಿದ್ದ ಗರಿಯನ್ನು ಇದ್ದಲ್ಲಿಯೇ ಬೆಳಕಿಗೆ ಹಿಡಿದು ನೋಡಿ, ಚಿತ್ರ ತೆಗೆದುಕೊಂಡು, ಅಲ್ಲೇ ಬಿಟ್ಟು ಬರುವುದು ಒಳ್ಳೆಯದು. ಊರಿಗೆ ಹೋದಾಗ ಮನೆಯ ನಾಟಿಕೋಳಿಯ ರೆಕ್ಕೆಯನ್ನು ಬಿಡಿಸಿ ನೋಡಿದರೆ ಕಾನೂನಿನ ತೊಡಕಿಲ್ಲ, ಹಾಗೂ ಪ್ಟೆರೋಲೈಕಸ್ ಆಬ್ಟುಸಸ್ ಎಂಬ ಕೋಳಿಯ ಗರಿನುಸಿ ಸಿಗುವ ಸಂಭವವೂ ಇದೆ. ಅಂಗಡಿಯ ಬ್ರಾಯ್ಲರ್ ಕೋಳಿ ಈ ಕೆಲಸಕ್ಕೆ ಬರುವುದು ಕಷ್ಟ. ಗರಿನುಸಿ ಮುಖ್ಯವಾಗಿ ತಾಯಿಯ ಮೈಯಿಂದ ಮರಿಯ ಮೈಗೆ ದಾಟಿ ಬರುವಂಥದ್ದು, ಯಂತ್ರದಲ್ಲಿ ಹುಟ್ಟಿದ ಮರಿಗೆ ತಾಯಿಯ ರೆಕ್ಕೆಯಡಿ ಮಲಗುವ ಭಾಗ್ಯವೇ ಇರುವುದಿಲ್ಲವಲ್ಲ.

ಗರಿಯನ್ನು ಬುಡದಲ್ಲಿ ಹಿಡಿದು, ಒಳಮೈ ನಿಮ್ಮತ್ತ ಇರುವಂತೆ ಕಿಟಕಿಯ ಬೆಳಕಿಗೆ ಎತ್ತಿ ಹಿಡಿಯಿರಿ. ಬೆಳಕು ಹಿಂದಿನಿಂದ ಬಂದಾಗ ನುಸಿಗಳು ಕಪ್ಪು ಚುಕ್ಕೆಗಳ ಸಾಲಾಗಿಯೂ, ಪಕ್ಕದಿಂದ ಬಂದಾಗ ಹೊಳೆಯುವ ಕಂದು ಕಾಳುಗಳಾಗಿಯೂ ಕಾಣುತ್ತವೆ. ಎರಡು ರೀತಿಯಲ್ಲೂ ನೋಡಬೇಕು. ಧೂಳಿನ ಕಣಗಳು ಎಲ್ಲೆಂದರಲ್ಲಿ ಚೆಲ್ಲಿರುತ್ತವೆ, ನುಸಿಗಳು ಎಳೆಯ ದಿಕ್ಕಿಗೆ ಮೈಚಾಚಿರುತ್ತವೆ. ಗರಿಯ ಅಡ್ಡಕ್ಕೆ ಪಾರದರ್ಶಕವಾದ ತೆಳು ಗೆರೆಯೊಂದು ಕಂಡರೆ ಅದನ್ನು ನುಸಿ ತಿಂದ ಗುರುತೆಂದು ಬರೆದುಕೊಳ್ಳಬೇಡಿ. ಗರಿ ಬೆಳೆಯುವ ದಿನಗಳಲ್ಲಿ ಹಕ್ಕಿ ಹಸಿವನ್ನೋ ಒತ್ತಡವನ್ನೋ ಅನುಭವಿಸಿದಾಗ ಮೂಡುವ ಗೆರೆ ಅದು. ಆಮೇಲೆ ಗರಿಯ ಟೊಳ್ಳು ಬುಡವನ್ನೂ ಬೆಳಕಿಗೆ ಹಿಡಿಯಿರಿ, ಏಕೆಂದರೆ ಕೊಳವೆಯ ಒಳಗೇ ಬಾಳುವ ನುಸಿಗಳ ಗುಂಪುಗಳಿವೆ. ಒಳಗೆ ಬಿಳಿ ಪುಡಿ ತುಂಬಿದಂತೆ ಕಂಡರೆ ಅವು ಇದ್ದಿರಬಹುದು. ಅವುಗಳಲ್ಲಿ ಸಿರಿಂಗೋಫಿಲಿಡೆ ಕುಟುಂಬದವು ಕೊಳವೆಯ ಗೋಡೆಯನ್ನು ಚುಚ್ಚಿ ಹಕ್ಕಿಯ ಮೈರಸವನ್ನು ಹೀರುವುದರಿಂದ, ಬಾಡಿಗೆದಾರರೆಂಬ ಹೊಗಳಿಕೆ ಅವಕ್ಕೆ ಸಲ್ಲದು.

ಬಿದ್ದ ಗರಿಯ ವಿಷಯದಲ್ಲಿ ಒಂದು ಎಚ್ಚರಿಕೆ ಅತ್ಯಗತ್ಯ. ಗರಿ ಉದುರುವ ಕಾಲ ಹತ್ತಿರವಾದಂತೆ ನುಸಿಗಳು ಅದನ್ನು ತೊರೆದು ಪಕ್ಕದ ಗರಿಗೆ ಸ್ಥಳಾಂತರಗೊಳ್ಳುತ್ತವೆ ಎಂಬುದನ್ನು 2001ರಲ್ಲಿ ಸ್ಪೇನಿನ ಸಂಶೋಧಕರು ತೋರಿಸಿದ್ದಾರೆ. ಹಡಗು ಮುಳುಗುವ ಮುನ್ನವೇ ಇಳಿದುಹೋಗುವ ಈ ಜಾಣ್ಮೆಯಿಂದಾಗಿ, ಸಹಜವಾಗಿ ಉದುರಿದ ಗರಿ ಬಹಳ ಸಲ ಖಾಲಿಯಾಗಿರುತ್ತದೆ. ಹಾಗೆಂದು ಆ ಹಕ್ಕಿಗೆ ನುಸಿಯೇ ಇರಲಿಲ್ಲವೆಂದು ಬರೆದರೆ ತಪ್ಪಾಗುತ್ತದೆ. ಬೆಕ್ಕು ಕಿತ್ತ ಗರಿಯಲ್ಲಿಯೂ ಮಾಂಜಾ ಕತ್ತರಿಸಿದ ಗರಿಯಲ್ಲಿಯೂ ನುಸಿಗಳಿಗೆ ಸುಳಿವು ಸಿಕ್ಕಿರುವುದಿಲ್ಲ, ಆದ್ದರಿಂದ ಅವು ಇದ್ದಲ್ಲೇ ಇರುತ್ತವೆ. ಗರಿ ಹೇಗೆ ಸಿಕ್ಕಿತೆಂಬುದನ್ನು ಟಿಪ್ಪಣಿಯ ಮೊದಲ ಸಾಲಿನಲ್ಲೇ ನಮೂದಿಸಬೇಕೆನ್ನುವುದು ಇದಕ್ಕಾಗಿ.

ಕೈಗೆ ಬಂದ ಹಕ್ಕಿ

ನುಸಿ ನೋಡುವುದಕ್ಕೆಂದು ಹಕ್ಕಿಯನ್ನು ಹಿಡಿಯುವಂತಿಲ್ಲ. ಬಲೆ ಹಾಕುವುದಕ್ಕೂ ಉಂಗುರ ತೊಡಿಸುವುದಕ್ಕೂ ಅರಣ್ಯ ಇಲಾಖೆಯ ಅನುಮತಿ ಮತ್ತು ತರಬೇತಿ ಎರಡೂ ಬೇಕು. ಉಳಿದವರಿಗೆ ದಕ್ಕುವುದು ಆರೈಕೆಗೆ ಬಂದ ಹಕ್ಕಿ ಮಾತ್ರ, ಅದೂ ವೈದ್ಯರು ಅದನ್ನು ಹೇಗಿದ್ದರೂ ಪರೀಕ್ಷಿಸುವಾಗ. ಪಕ್ಕದಲ್ಲಿ ನಿಂತು ನೋಡುವವರಿಗೆ ಸಿಗುವ ಸಮಯ ಒಂದು ನಿಮಿಷವೆಂದು ಮೊದಲೇ ಅಂದುಕೊಳ್ಳಿ. ಹಕ್ಕಿ ಬಾಯಿ ತೆರೆದು ಏದುಸಿರು ಬಿಡತೊಡಗಿದರೆ ಆ ನಿಮಿಷವೂ ನಿಮ್ಮದಲ್ಲ.

ಹಿಡಿದವರು ಒಂದೇ ರೆಕ್ಕೆಯನ್ನು ಬೀಸಣಿಗೆಯಂತೆ ಮೆಲ್ಲಗೆ ಹರಡಲಿ, ನೀವು ಇನ್ನೊಂದು ಬದಿಯಿಂದ ಬೆಳಕು ಬೀಳುವಂತೆ ನಿಂತು ಒಳಮೈಯನ್ನು ನೋಡಿ. ಮಾತಾಡುವುದಕ್ಕಿಂತ ಫೋನಿನಲ್ಲಿ ನಾಲ್ಕೈದು ಸ್ಪಷ್ಟವಾದ ಚಿತ್ರಗಳನ್ನು ತೆಗೆದುಕೊಂಡು, ಹಕ್ಕಿ ಪೆಟ್ಟಿಗೆಗೆ ಮರಳಿದ ಮೇಲೆ ಎಣಿಸುವುದು ಮೇಲು. ಗುಬ್ಬಚ್ಚಿಯ ಒಂದು ರೆಕ್ಕೆಯಲ್ಲಿ ಎಣಿಸಬಹುದಾದ ಹಾರುಗರಿಗಳು 18: ಹೊರಗಿನ 9, ನಡುವಿನ 6, ಮೈಗೆ ಹತ್ತಿರದ 3. ಪ್ರತಿ ಗರಿಗೂ ಹೊರಗಿನಿಂದ ಒಳಕ್ಕೆ ಅಂಕೆ ಕೊಟ್ಟು, ಅದರ ಮುಂದೆ ನುಸಿಗಳ ಸಂಖ್ಯೆಯನ್ನು ಬರೆಯಿರಿ. ಹತ್ತರವರೆಗೆ ಒಂದೊಂದಾಗಿ ಎಣಿಸಬಹುದು. ಅದರಾಚೆ ನಾನು 11ರಿಂದ 50, 51ರಿಂದ 100, ನೂರಕ್ಕೂ ಹೆಚ್ಚು ಎಂಬ ಮೂರು ದರ್ಜೆಗಳನ್ನಷ್ಟೇ ಇಟ್ಟುಕೊಂಡಿದ್ದೇನೆ, ಏಕೆಂದರೆ 73 ಎಂದು ಬರೆದು ನಿಖರತೆಯ ಸೋಗು ಹಾಕುವುದರಿಂದ ಪ್ರಯೋಜನವಿಲ್ಲ. ಸಾಧ್ಯವಾದರೆ ಇಬ್ಬರು ಬೇರೆಬೇರೆಯಾಗಿ ಎಣಿಸಿ ಹೋಲಿಸಿ. ಮೊದಲ ವಾರಗಳಲ್ಲಿ ಇಬ್ಬರ ಅಂಕೆಗಳು ನೆಂಟಸ್ತಿಕೆಯೇ ಇಲ್ಲದಷ್ಟು ದೂರವಿರುತ್ತವೆ, ಆಮೇಲೆ ಹತ್ತಿರವಾಗುತ್ತವೆ.

ಅಂದಿನ ಹವೆಯನ್ನೂ ಬರೆಯಲೇಬೇಕು. ಚಳಿ ಹೆಚ್ಚಾದಂತೆ ನುಸಿಗಳು ಗರಿಯ ಮೇಲೆ ಜಾಗ ಬದಲಿಸಿ ಮೈಯ ಬೆಚ್ಚನೆಯ ಕಡೆಗೆ ಸರಿಯುತ್ತವೆ, ಹಾಗಾಗಿ ಪುಣೆಯ ಜನವರಿಯ ಬೆಳಗಿನ ಎಣಿಕೆಯನ್ನು ಏಪ್ರಿಲ್ ಮಧ್ಯಾಹ್ನದ ಎಣಿಕೆಯ ಪಕ್ಕಕ್ಕಿಟ್ಟು ಹೆಚ್ಚು ಕಡಿಮೆ ಎನ್ನುವಂತಿಲ್ಲ. ತೇವಾಂಶದ ಲೆಕ್ಕವೂ ಇದೆ. ಗುಬ್ಬಚ್ಚಿಯ ಗರಿಯಲ್ಲಿ ಬಾಳುವ ಪ್ರಾಕ್ಟೋಫಿಲೋಡಿಸ್ ಟ್ರಂಕೇಟಸ್ ಎಂಬ ನುಸಿಯು ತನಗೆ ಬೇಕಾದ ನೀರನ್ನು ಗಾಳಿಯಲ್ಲಿನ ತೇವದಿಂದಲೇ ಹೀರಿಕೊಳ್ಳಬಲ್ಲದು. ಅದಕ್ಕೆ ಪುಣೆಯ ಮಳೆಗಾಲವೂ ಸುಡು ಬೇಸಿಗೆಯೂ ಒಂದೇ ಆಗಿರಲು ಸಾಧ್ಯವಿಲ್ಲ.

ಸತ್ತ ಹಕ್ಕಿ

ಒಂದೇ ಜಾಗದಲ್ಲಿ ಒಂದಕ್ಕಿಂತ ಹೆಚ್ಚು ಹಕ್ಕಿಗಳು ಕಾರಣವಿಲ್ಲದೆ ಸತ್ತು ಬಿದ್ದಿದ್ದರೆ ಮುಟ್ಟಬೇಡಿ. ಪಶುಸಂಗೋಪನಾ ಇಲಾಖೆಗೋ ಪಾಲಿಕೆಗೋ ತಿಳಿಸಿ. ಭಾರತದಲ್ಲಿ ಹಕ್ಕಿಜ್ವರ ಮೊದಲು ದೃಢಪಟ್ಟದ್ದು ಇದೇ ಮಹಾರಾಷ್ಟ್ರದ ನವಾಪುರದಲ್ಲಿ, 2006ರ ಫೆಬ್ರುವರಿಯಲ್ಲಿ. ಗಾಜಿಗೆ ಬಡಿದು ಸತ್ತದ್ದೆಂದು ಕಣ್ಣಾರೆ ಕಂಡ ಒಂಟಿ ಹಕ್ಕಿಯಾದರೂ ಅದನ್ನು ಮನೆಗೆ ಒಯ್ಯುವ ಅಧಿಕಾರ ನಮಗಿಲ್ಲ; ಕೈಗವಸು ಹಾಕಿಕೊಂಡು, ಅಲ್ಲಿಯೇ ರೆಕ್ಕೆ ಹರಡಿ ಚಿತ್ರ ತೆಗೆದು, ಕೈ ತೊಳೆದುಕೊಳ್ಳುವುದಷ್ಟೇ ನಮ್ಮ ಪಾಲು.

ಗಾಜಿನ ಮೇಲೆ

ನಾಟಿಕೋಳಿಯ ಗರಿಯಲ್ಲಿ ನುಸಿ ಸಿಕ್ಕಿದರೆ ಈ ಹಂತವನ್ನು ಬಿಡಬೇಡಿ. ಗರಿಯ ತುಂಡನ್ನು ಸರ್ಜಿಕಲ್ ಸ್ಪಿರಿಟ್ ಇರುವ ಪುಟ್ಟ ಸೀಸೆಯಲ್ಲಿ ಹಾಕಿ ಚೆನ್ನಾಗಿ ಕುಲುಕಿ, ತಳಕ್ಕೆ ಇಳಿದದ್ದನ್ನು ಗಾಜಿನ ತಟ್ಟೆಗೆ ಸುರಿಯಿರಿ. ನುಸಿಯನ್ನು ಸೂಜಿಯಿಂದ ಎತ್ತಿದರೆ ಅದು ಒಡೆದುಹೋಗುತ್ತದೆ. ಬಿದ್ದ ಕಣ್ರೆಪ್ಪೆಯ ಒಂದು ಕೂದಲನ್ನು ಊದಿನಕಡ್ಡಿಯ ತುದಿಗೆ ಅಂಟಿಸಿಕೊಂಡರೆ ಅದಕ್ಕಿಂತ ಒಳ್ಳೆಯ ಉಪಕರಣ ಬೇರೆ ಬೇಕಿಲ್ಲ. ಲ್ಯಾಕ್ಟಿಕ್ ಆಮ್ಲದ ಹನಿಯಲ್ಲಿ ಒಂದೆರಡು ದಿನ ಇಟ್ಟಾಗ ಒಳಗಿನ ಮಾಂಸ ಕರಗಿ ಹೊರಕವಚ ಪಾರದರ್ಶಕವಾಗುತ್ತದೆ. ನಂತರ ಅದನ್ನು ಔಷಧಿ ಅಂಗಡಿಯ ಗ್ಲಿಸರಿನ್ನಿನ ಹನಿಗೆ ಸಾಗಿಸಿ, ಬೆನ್ನು ಮೇಲಾಗಿ ಮಲಗಿಸಿ, ತೆಳುಗಾಜು ಮುಚ್ಚಿ, ಅಂಚಿಗೆ ಉಗುರುಬಣ್ಣ ಹಚ್ಚಿದರೆ ತಿಂಗಳುಗಟ್ಟಲೆ ಉಳಿಯುತ್ತದೆ.

ಈಗ ನೋಡಿ. ಆರು ಕಾಲಿನದು ಕಂಡರೆ ಬೆಚ್ಚಬೇಡಿ, ಅದು ಮೊಟ್ಟೆಯಿಂದ ಹೊರಬಂದ ಮೊದಲ ಹಂತದ ಮರಿ. ಮುಂದಿನ ಹಂತಗಳಿಗೆಲ್ಲ ಎಂಟೇ ಕಾಲು. ಹಿಂಬದಿಯಲ್ಲಿ ಜೋಡಿ ಹೀರುಬಟ್ಟಲುಗಳಿದ್ದರೆ ಗಂಡು, ಹೊಟ್ಟೆಯೊಳಗೆ ದೊಡ್ಡ ಉದ್ದನೆಯ ಮೊಟ್ಟೆಯೊಂದು ಕಂಡರೆ ಹೆಣ್ಣು. ಗಂಡೊಂದು ತನಗಿಂತ ಚಿಕ್ಕದೊಂದನ್ನು ಹಿಡಿದುಕೊಂಡಿರುವ ಜೋಡಿ ಸಿಗುವುದೂ ಉಂಟು. ಇನ್ನೂ ಪ್ರಾಯಕ್ಕೆ ಬಾರದ ಹೆಣ್ಣನ್ನು ಗಂಡು ಕಾಯುತ್ತಿರುವ ದೃಶ್ಯವದು. ಪಾರಿವಾಳದ ನುಸಿಯಾದ ಫಾಲ್ಕ್ಯುಲಿಫರ್ ರಾಸ್ಟ್ರೇಟಸ್‌ನ ಕೆಲವು ಗಂಡುಗಳಿಗೆ ಬಾಯಿಯ ಭಾಗ ಇಕ್ಕಳದಂತೆ ವಿಪರೀತ ಬೆಳೆದಿರುತ್ತದೆ, ಅದೇ ಜಾತಿಯ ಇತರ ಗಂಡುಗಳಿಗೆ ಇರುವುದಿಲ್ಲ. ಜಾತಿಯನ್ನು ಹೆಸರಿಸುವ ಆತುರ ಮಾತ್ರ ಬೇಡ. ಆ ಕೆಲಸ ರೋಮಗಳ ಉದ್ದ ಮತ್ತು ಸ್ಥಾನಗಳ ಅಳತೆಯಿಂದ ನಡೆಯುವುದರಿಂದ, ಹಕ್ಕಿಯ ಹೆಸರು, ಗರಿಯ ಅಂಕೆ, ಸ್ಥಳ, ದಿನಾಂಕಗಳಿರುವ ಶುದ್ಧ ಟಿಪ್ಪಣಿಯೇ ತಜ್ಞರಿಗೆ ನಾವು ಕೊಡಬಹುದಾದ ಕಾಣಿಕೆ. ಆ ಟಿಪ್ಪಣಿಯನ್ನು ಪೆನ್ಸಿಲಿನಲ್ಲೇ ಬರೆಯಬೇಕು. ಸ್ಪಿರಿಟ್ಟು ತಗುಲಿದರೆ ಬಾಲ್‌ಪೆನ್ನಿನ ಶಾಯಿ ಹರಿದು, ಒಂದು ಮಳೆಗಾಲದ ನನ್ನ ದುಡಿಮೆಯನ್ನು ನೀಲಿ ಕಲೆಯಾಗಿಸಿದ್ದುಂಟು.

ಬಾಲ್ಕನಿಯ ಗೂಡು

ಗರಿನುಸಿಗೆ ಔಷಧಿ ಬೇಡವೆಂದೆ. ಆದರೆ ರಾತ್ರಿ ಮಲಗಿದಾಗ ಮೈಯಲ್ಲಿ ಕೆಂಪು ದದ್ದುಗಳೆದ್ದು, ಎಸಿ ಪೆಟ್ಟಿಗೆಯ ಹಿಂದೆ ಪಾರಿವಾಳದ ಗೂಡಿದ್ದರೆ, ಅಲ್ಲಿ ಕೆಲಸವಿದೆ. ಮರಿಗಳು ಹಾರಿಹೋದ ಬಳಿಕ ಊಟವಿಲ್ಲದಾದ ರಕ್ತನುಸಿಗಳು ಕಿಟಕಿಯ ಸಂದಿನಿಂದ ಒಳಗೆ ಬರುತ್ತವೆ. ಮೊಟ್ಟೆಯೋ ಮರಿಯೋ ಇರುವಾಗ ಗೂಡನ್ನು ಮುಟ್ಟದೆ, ಆ ಕೋಣೆಯ ಕಿಟಕಿಯಂಚಿಗೆ ಎರಡೂ ಬದಿ ಅಂಟುವ ಟೇಪು ಹಾಕಿ ಕಾಯಬೇಕು. ಮರಿಗಳು ಹೋದ ದಿನವೇ, ಮರುವಾರಕ್ಕೆ ಮುಂದೂಡದೆ, ಮುಖಗವಸು ಮತ್ತು ಕೈಗವಸು ಧರಿಸಿ, ಧೂಳೇಳದಂತೆ ಗೂಡಿಗೆ ಸೋಪಿನ ನೀರು ಚಿಮುಕಿಸಿ, ದಪ್ಪ ಚೀಲಕ್ಕೆ ಹಾಕಿ ಬಾಯಿ ಕಟ್ಟಿ ಹೊರಗೆ ಸಾಗಿಸಿ. ಜಾಗವನ್ನು ಕುದಿನೀರಿನಿಂದ ಉಜ್ಜಿ ತೊಳೆಯಿರಿ, ಗೋಡೆಯ ಬಿರುಕುಗಳನ್ನು ಸಿಮೆಂಟಿನಿಂದ ಮುಚ್ಚಿಸಿ, ಏಕೆಂದರೆ ಡರ್ಮನಿಸಸ್ ಗ್ಯಾಲಿನೆ ಆಹಾರವಿಲ್ಲದೆಯೂ ತಿಂಗಳುಗಳ ಕಾಲ ಬಿರುಕಿನಲ್ಲಿ ಬದುಕಿರಬಲ್ಲದು. ಹಾಸಿಗೆಯ ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ. ಮನುಷ್ಯರ ರಕ್ತದ ಮೇಲೆ ಈ ನುಸಿಗಳ ಸಂಸಾರ ಬೆಳೆಯುವುದಿಲ್ಲವಾದ್ದರಿಂದ, ಗೂಡು ಹೋದ ಕೆಲವು ವಾರಗಳಲ್ಲಿ ಕಡಿತ ನಿಲ್ಲುತ್ತದೆ. ಆಮೇಲೆ ಬಲೆ ಬಿಗಿಸುವುದಾದರೆ ಅಂಚುಗಳು ಸಡಿಲವಿರದಂತೆ ಬಿಗಿಸಿ. ಸಡಿಲ ಬಲೆಗೆ ಕಾಲು ಸಿಕ್ಕಿಸಿಕೊಂಡು ತಲೆಕೆಳಗಾಗಿ ನೇತಾಡುವ ಪಾರಿವಾಳಗಳು ನಮ್ಮ ಕೇಂದ್ರಕ್ಕೆ ಸಂಕ್ರಾಂತಿಯನ್ನು ಕಾಯದೆ ವರ್ಷವಿಡೀ ಬರುತ್ತವೆ.